ಘಾಟಿ ಇಳಿಯುವ ರೈಲು ಯಾರಿಗೆ?

ಬೆಂಗಳೂರಿನಲ್ಲಿ ಓದುವ, ದುಡಿಯುವ ದಕ್ಷಿಣ ಕನ್ನಡದ ಹುಡುಗನೊಬ್ಬನನ್ನು ಹಬ್ಬದ ಮುಂಚೆ ಹಿಡಿದು ಕೇಳಿ: "ಊರಿಗೆ ಹೇಗೆ ಹೋಗ್ತೀಯಾ?" "ಬಸ್ಸಲ್ಲಿ" ಎನ್ನುತ್ತಾನೆ. "ರೈಲಲ್ಲಿ ಯಾಕಿಲ್ಲ?" ಎಂದು ಕೇಳಿ. "ರೈಲಾ ಮಾರಾಯ್ರೇ, ಅದು ಯಾವಾಗ ಮುಟ್ಟುವುದು!" ಎಂದು ನಗುತ್ತಾನೆ. ಆ ನಗೆಯ ಹಿಂದೆ ನೂರು ವರ್ಷಗಳ ಅನ್ಯಾಯದ ಕತೆ ಇದೆ ಎಂಬುದು ಆ ಹುಡುಗನಿಗೆ ಗೊತ್ತಿಲ್ಲ. ಗೊತ್ತಾಗಲಿ ಎಂದೇ ಈ ಬರಹ.

ಯುವ ಮಿತ್ರರೇ, ರೈಲು ಒಳ್ಳೆಯದೋ ಬಸ್ಸು ಒಳ್ಳೆಯದೋ ಎಂಬುದು ಚಹಾ ಅಂಗಡಿಯ ಹರಟೆಯ ವಿಷಯ ಎಂದು ತಳ್ಳಿಹಾಕಬೇಡಿ. ನಾಡಿನ ಒಂದು ಮೂಲೆಯ ಜನ ತಮ್ಮದೇ ರಾಜಧಾನಿಗೆ ಎಷ್ಟು ಹೊತ್ತಿನಲ್ಲಿ, ಎಷ್ಟು ದುಡ್ಡಿನಲ್ಲಿ, ಎಷ್ಟು ಮರ್ಯಾದೆಯಿಂದ ಬಂದು ಹೋಗಬಹುದು ಎಂಬುದು ಆಡಳಿತದ ಪ್ರಶ್ನೆ, ಹಕ್ಕಿನ ಪ್ರಶ್ನೆ. ಒಂದು ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಸಿಗುವ ರಾಮಕುಂಜ. ಪೇಜಾವರದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರು ಎಂದು ನಾಡಿಗೆಲ್ಲ ಗೊತ್ತು. ಅಡಿಕೆ, ರಬ್ಬರು, ಕೊಕ್ಕೋ ತೋಟಗಳ ನಡುವೆ ಶಾಲೆ ಕಾಲೇಜು ಕಟ್ಟಿಕೊಂಡ ಊರು. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ. ಓದು ಮುಗಿದ ಕೂಡಲೇ ಮಕ್ಕಳು ಗಂಟು ಕಟ್ಟುವುದು ಬೆಂಗಳೂರಿಗೆ. ತೋಟದಲ್ಲಿ ಉಳಿಯುವವರು ಅಪ್ಪ ಅಮ್ಮ.

ಈ ಊರಿನವನು ಊರಿಗೆ ಬರುವುದು ಹೇಗೆ? ಬಸ್ಸಾದರೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ, ಅಲ್ಲಿಂದ ಇನ್ನೊಂದು ಬಸ್ಸು. ರೈಲಾದರೆ ಸುಬ್ರಹ್ಮಣ್ಯ ರೋಡ್ ಅಥವಾ ಕಬಕ ಪುತ್ತೂರು. (ಪುತ್ತೂರಿಗೆ 'ಕಬಕ'ದ ಬಾಲ ಯಾಕೆ ಎಂದು ಕೇಳುವವರಿಗೆ: ಆಂಧ್ರದಲ್ಲೂ ಒಂದು ಪುತ್ತೂರು ನಿಲ್ದಾಣ ಇದೆ.) ನಡುವೆ ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ ನಿಲ್ದಾಣಗಳಿವೆ. ಕುಮಾರಧಾರೆಗೆ ಶಾಂತಿಮೊಗರಿನಲ್ಲಿ ಸೇತುವೆ ಆದ ಮೇಲೆ ರಾಮಕುಂಜ, ಆಲಂಕಾರಿನವರಿಗೆ ಹೊಳೆಯಾಚೆಯ ಕುದ್ಮಾರು, ಕಾಣಿಯೂರು ಹತ್ತಿರವಾದವು. ಆದರೆ ಬೆಂಗಳೂರಿನ ರಾತ್ರಿ ರೈಲು ಅಲ್ಲೆಲ್ಲ ನಿಲ್ಲುವುದಿಲ್ಲ. ಮನೆಯ ಹತ್ತಿರದ ನಿಲ್ದಾಣವನ್ನು ಕಿಟಕಿಯಿಂದ ನೋಡಿ, ಮುಂದೆ ಹೋಗಿ ಇಳಿದು, ಬೆಳಗಿನ ಜಾವದ ಕತ್ತಲಲ್ಲಿ ರಿಕ್ಷಾದವನು ಕೇಳಿದಷ್ಟು ಕೊಟ್ಟು ಹಿಂದಕ್ಕೆ ಬರಬೇಕು. ರೈಲಿನಲ್ಲಿ ಉಳಿಸಿದ ದುಡ್ಡು ರಿಕ್ಷಾಕ್ಕೆ! ರೈಲಿನ ಮೊದಲ ದೋಷ ಇದೇ. ಬಸ್ಸು ಮನೆಯ ದಾರಿಗೆ ಬರುತ್ತದೆ, ರೈಲಿನ ದಾರಿಗೆ ನಾವು ಹೋಗಬೇಕು.

ಈಗ ಇತಿಹಾಸ ಸ್ವಲ್ಪ ಕೇಳಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಎಲ್ಲಿಂದ? ಮದರಾಸಿನ ಕಡೆಯಿಂದ, ಮಲಬಾರಿನ ಕರಾವಳಿ ಹಿಡಿದು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ದೊರೆಗಳು ಎಲ್ಲಿ ಕೂತಿದ್ದರೋ ಹಳಿ ಅಲ್ಲಿಗೇ ಹೋಯಿತು. 1956ರಲ್ಲಿ ನಾಡು ಒಂದಾಯಿತು. ಕಾಸರಗೋಡು ಕೈತಪ್ಪಿತು, ಮಂಗಳೂರು ನಮ್ಮದಾಯಿತು. ಆದರೆ ಮಂಗಳೂರಿನವನು ತನ್ನ ರಾಜಧಾನಿಯತ್ತ ಘಾಟಿ ಹತ್ತಿ ರೈಲಿನಲ್ಲಿ ಹೋಗುವುದಕ್ಕೆ 1979ರವರೆಗೆ ಕಾಯಬೇಕಾಯಿತು. ಆ ವರ್ಷ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿ ತೆರೆಯಿತು. ಅಂದರೆ ಮದರಾಸಿಗೆ ಹಳಿ ಸಿಕ್ಕಿ 72 ವರ್ಷಗಳ ನಂತರ, ಏಕೀಕರಣವಾಗಿ 23 ವರ್ಷಗಳ ನಂತರ!

ಸಿಕ್ಕಿದ್ದಾದರೂ ಉಳಿಯಿತೇ? 1990ರ ದಶಕದಲ್ಲಿ ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿ ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆ ಕೈಹಾಕಿದರು. ಕರ್ನಾಟಕಕ್ಕೆ ಅದರಿಂದ ಆದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. ನಮ್ಮ ಘಾಟಿಯ ಮಾರ್ಗವೂ 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿತು. ಆಮೇಲೆ ಏನಾಯಿತು? ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಚಾಲನೆ ಪಡೆದ ಕೊಂಕಣ ರೈಲ್ವೆ, ಅಷ್ಟೊಂದು ಹೊಳೆ ಗುಡ್ಡಗಳನ್ನು ದಾಟಿ 1998ರ ಜನವರಿಯಲ್ಲಿ ಪೂರ್ತಿ ತೆರೆಯಿತು. ಇತ್ತ ಮೊದಲೇ ಇದ್ದ ಹಳಿಯನ್ನು ಅಗಲ ಮಾಡಲು ಹತ್ತು ವರ್ಷ ಸಾಲಲಿಲ್ಲ. ಕೊನೆಗೆ 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಎಂದು ಒಂದನ್ನು ಕಟ್ಟಿ, ರಾಜ್ಯ ಸರ್ಕಾರವೂ ಹಣ ಹಾಕಿ, ಕೆಲಸ ಮುಗಿಸಬೇಕಾಯಿತು. 2006ರ ಮೇ ತಿಂಗಳಲ್ಲಿ ಗೂಡ್ಸ್ ರೈಲು ಓಡಿತು. ಜನ ಹತ್ತುವ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಘಾಟಿಯಲ್ಲಿ ಜನರನ್ನು ಒಯ್ಯಬೇಕಾದರೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕು, ಗುಡ್ಡ ಭದ್ರವಾಗಬೇಕು ಎಂಬುದೆಲ್ಲ ಸರಿಯೇ. ಆದರೂ ನಮ್ಮ ಕಣ್ಣಿಗೆ ಕಂಡದ್ದು ಇಷ್ಟು: ಬಂದರಿಗೆ ಹೋಗುವ ಅದಿರಿಗೆ ಮೊದಲು ದಾರಿ, ಮನೆಗೆ ಹೋಗುವ ಮನುಷ್ಯನಿಗೆ ಆಮೇಲೆ.

ಆ 11 ವರ್ಷಗಳಲ್ಲಿ ಏನು ಕಳೆದುಹೋಯಿತು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ಒಂದು ತಲೆಮಾರಿನ ಹುಡುಗರು ರೈಲನ್ನೇ ಮರೆತರು. ಬೆಂಗಳೂರಿನಲ್ಲಿ ಸಾಫ್ಟ್‌ವೇರು ಬೆಳೆದದ್ದು, ಕರಾವಳಿಯ ಮಕ್ಕಳು ಗುಂಪುಗುಂಪಾಗಿ ಘಾಟಿ ಹತ್ತಿದ್ದು ಇದೇ ಕಾಲದಲ್ಲಿ. ಅವರನ್ನು ಹೊತ್ತದ್ದು ಬಸ್ಸುಗಳು. ಖಾಸಗಿ ಬಸ್ಸಿನ ಸಾಮ್ರಾಜ್ಯ ಕಟ್ಟಿದ್ದು ನಮ್ಮ ನಿಮ್ಮ ಊರಿನ ಪ್ರಯಾಣವೇ. ಬಸ್ಸಿನವರನ್ನು ಬೈಯುವ ಮೊದಲು, ಅಂಗಡಿಗೆ ಬೀಗ ಹಾಕಿ ಗಿರಾಕಿಯನ್ನು ಎದುರು ಅಂಗಡಿಗೆ ಕಳಿಸಿದವರು ಯಾರು ಎಂದು ಕೇಳಬೇಕು.

ಆದರೆ ಬಸ್ಸಿನ ಗುಣಗಾನವನ್ನೂ ಅಳತೆಗೋಲಿನಲ್ಲಿ ಇಡೋಣ. ಬಸ್ಸು ಬೇಗ ಮುಟ್ಟುತ್ತದೆ, ದಿನಕ್ಕೆ ಹತ್ತಾರು ಇವೆ, ರಾತ್ರಿ ಊಟ ಮಾಡಿ ಹೊರಟರೆ ಬೆಳಗ್ಗೆ ಉಪ್ಪಿನಂಗಡಿ. ಒಪ್ಪಿದೆ. ನಮ್ಮ ಸರ್ಕಾರಿ ಸಾರಿಗೆಯ ಕೆಂಪು ಬಸ್ಸನ್ನೇ ನಂಬಿ ಬದುಕಿದ ಕುಟುಂಬಗಳು ಎಷ್ಟೋ. ಆದರೆ ದೀಪಾವಳಿ, ಚೌತಿ, ಚುನಾವಣೆ ಬಂದಾಗ ಆನಂದರಾವ್ ಸರ್ಕಲ್ಲಿನಲ್ಲಿ ನಿಂತು ನೋಡಿ. ಮೊನ್ನೆಯ ಟಿಕೆಟಿನ ದರ ಇವತ್ತು ಎರಡು ಪಟ್ಟು, ಮೂರು ಪಟ್ಟು. ಕೇಳಿದರೆ "ಬೇಕಾದರೆ ಬನ್ನಿ." ರೈಲಿನ ಸ್ಲೀಪರ್ ಬೋಗಿಯ ದರ ಮಾಮೂಲಿ ದಿನದಲ್ಲೇ ಖಾಸಗಿ ಸ್ಲೀಪರ್ ಬಸ್ಸಿನ ಅರ್ಧಕ್ಕಿಂತ ಕಡಿಮೆ. ಹಬ್ಬದ ದಿನವೂ ಈ ರೈಲಿನ ಸ್ಲೀಪರಿಗೆ ಅದೇ ದರ. ತಿಂಗಳ ಸಂಬಳದಲ್ಲಿ ಬಾಡಿಗೆ ಕಟ್ಟಿ, ಊರಿಗೂ ನಾಲ್ಕು ಕಾಸು ಕಳಿಸುವ ಹುಡುಗನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಊರಿಗೆ ವರ್ಷಕ್ಕೆ ಎರಡು ಸಲ ಹೋಗುವುದೋ ಆರು ಸಲ ಹೋಗುವುದೋ ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಇನ್ನು ದೇಹದ ಮಾತು. ಶಿರಾಡಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಬರುವ ಅರುವತ್ತು ದಾಟಿದ ಅಮ್ಮನಿಗೆ ರಾತ್ರಿ ಎರಡು ಸಲ ಎದ್ದು ಹೋಗಬೇಕಾಗುತ್ತದೆ. ಬಸ್ಸಿನಲ್ಲಿ ಏನು ಮಾಡಬೇಕು? ಸಂಜೆಯಿಂದಲೇ ನೀರು ಕುಡಿಯದೆ ಬಾಯಾರಿ ಕೂರುವ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ. ಗಂಡಸರು ನಡೆಸುವ ಚರ್ಚೆಗಳಲ್ಲಿ ಈ ಮಾತು ಬರುವುದೇ ಇಲ್ಲ. ರೈಲಿನ ಶೌಚಾಲಯ ಸ್ವಚ್ಛವಾಗಿರುತ್ತದೆ ಎಂದು ನಾನು ಹೇಳಲಾರೆ, ಎಷ್ಟೋ ಸಲ ಬಾಗಿಲು ತೆರೆಯಲೂ ಮನಸ್ಸು ಬಾರದು. ಆದರೆ ಅದು ಇದೆ. ಕಾಲು ಚಾಚಿ ಮಲಗಬಹುದು, ಎದ್ದು ನಡೆಯಬಹುದು. ಹೆಣ್ಣುಮಗಳೊಬ್ಬಳು ಒಬ್ಬಳೇ ಹೊರಟರೂ ಬೋಗಿ ತುಂಬ ಜನ ಇರುತ್ತಾರೆ.

ಅಪಾಯದ ವಿಷಯಕ್ಕೆ ಬಂದರೆ, 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಐಷಾರಾಮಿ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಒಳಗೇ ಸುಟ್ಟುಹೋದರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಬಳಿ ಮತ್ತೆ ಅದೇ ದಾರಿಯಲ್ಲಿ ಅದೇ ಗೋಳು. ಹಾಗೆಂದು ರೈಲೇನೂ ದೇವರ ರಥವಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಮೂರು ರೈಲುಗಳು ಸಿಕ್ಕಿಕೊಂಡು 290ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಸಾಮಾನ್ಯ ಬೋಗಿಯಲ್ಲಿ ಕೂಲಿಗೆ ಹೊರಟ ಬಡವರು ಬಹಳ. ಆದರೂ ದಿನನಿತ್ಯದ ಲೆಕ್ಕದಲ್ಲಿ ರಸ್ತೆಗಿಂತ ಹಳಿ ಭದ್ರ ಎಂಬುದರಲ್ಲಿ ಸಂಶಯವಿಲ್ಲ.

ನಮ್ಮ ಘಾಟಿಯ ಮಾತು ಮಾತ್ರ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಕಡಿದಾದ ಹಳಿ. ರೈಲಿನವರ ಲೆಕ್ಕದಲ್ಲಿ ಇದು ಬೆಟ್ಟದ ಗೋಡೆ. ಹತ್ತುವಾಗ ಹೆಚ್ಚಿನ ಎಂಜಿನ್ ಜೋಡಿಸಬೇಕು, ಇಳಿಯುವಾಗ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬ್ರೇಕು ಹಿಡಿದುಕೊಂಡೇ ಇಳಿಯಬೇಕು. "ರೈಲು ಯಾವಾಗ ಮುಟ್ಟುವುದು" ಎಂದು ನಗುವ ಹುಡುಗನಿಗೆ ಉತ್ತರ ಇಲ್ಲಿದೆ. ಬೆಂಗಳೂರಿನಿಂದ ಹಾಸನಕ್ಕೆ ಕುಣಿಗಲ್, ಶ್ರವಣಬೆಳಗೊಳದ ಮೇಲಿನ ನೇರ ಹಳಿ 2017ರ ಮಾರ್ಚಿನಲ್ಲಿ ತೆರೆದ ಮೇಲೆ ಮೈಸೂರು ಸುತ್ತುವ ಕಷ್ಟ ತಪ್ಪಿತು. ಬಯಲಿನಲ್ಲಿ ಉಳಿಸಿದ ಹೊತ್ತನ್ನು ಘಾಟಿ ತಿನ್ನುತ್ತದೆ. ತಿನ್ನಲಿ ಬಿಡಿ, ಅಲ್ಲಿ ಅವಸರ ಬೇಡ.

ಮಳೆಗಾಲದ ರಾತ್ರಿ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಈ ಹೆಸರುಗಳನ್ನು ಕತ್ತಲಲ್ಲಿ ದಾಟುವಾಗ ನಾವು ಹೊದ್ದು ಮಲಗಿರುತ್ತೇವೆ. ಆ ಹೊತ್ತಿಗೆ ಹಳಿಯ ಮೇಲೆ ಲಾಟೀನು, ಟಾರ್ಚು ಹಿಡಿದು ನಡೆಯುವ ಗ್ಯಾಂಗ್‌ಮನ್‌ಗಳಿದ್ದಾರೆ. ಬಂಡೆ ಉರುಳಿದೆಯೇ, ಮಣ್ಣು ಜಾರಿದೆಯೇ, ಮರ ಬಿದ್ದಿದೆಯೇ ಎಂದು ನೋಡುವುದು ಅವರ ಕೆಲಸ. ಮೇಲೆ ಜಿಗಣೆ, ಆನೆ, ಮಳೆ. ಟಿಕೆಟಿನಲ್ಲಿ ಇವರ ಹೆಸರಿಲ್ಲ, ಗಾಜಿನ ಬೋಗಿಯ ಜಾಹೀರಾತಿನಲ್ಲಿ ಇವರ ಚಿತ್ರವಿಲ್ಲ. 2018ರ ಆಗಸ್ಟಿನ ಮಳೆಗೆ ಈ ಹಳಿಯ ಮೇಲೆ ಗುಡ್ಡಗಳೇ ಕುಸಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ರೈಲುಗಳು ರದ್ದಾದವು. ಜರಿದ ಗುಡ್ಡವನ್ನು ಮಳೆಯಲ್ಲೇ ನಿಂತು ಕಟ್ಟಿ ಹಳಿ ಮಾಡಿಕೊಟ್ಟವರು ಆ ಕಾರ್ಮಿಕರೇ.

ರಸ್ತೆಯಾದರೂ ನೆಟ್ಟಗಿದೆಯೇ? ಶಿರಾಡಿಯನ್ನು ಕಾಂಕ್ರೀಟು ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿದರು. 2018ರ ಆಗಸ್ಟಿನಲ್ಲಂತೂ ರಸ್ತೆಯೂ ಇಲ್ಲ, ಹಳಿಯೂ ಇಲ್ಲ. ಆದ್ದರಿಂದ ರೈಲು ಬೇಕೋ ಬಸ್ಸು ಬೇಕೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಎರಡೂ ಬೇಕು. ಒಂದು ದಾರಿ ಬಿದ್ದಾಗ ಇನ್ನೊಂದು ಇರಬೇಕು. ಆದರೆ ಒಂದನ್ನು ನಾವು ಕೇಳದೆಯೇ ಕೊಡುತ್ತಾರೆ, ಇನ್ನೊಂದನ್ನು ಕೇಳಿದರೂ ಕೊಡುವುದಿಲ್ಲ.

ಕೊಡುವುದಿಲ್ಲ ಎಂದರೆ ಹೇಗೆ? ನೋಡಿ. ನಮ್ಮ ಜಿಲ್ಲೆಯ ಜನ ಹೋರಾಡಿ ಪಡೆದ ಬೆಂಗಳೂರು–ಮಂಗಳೂರು ರಾತ್ರಿ ರೈಲು ಮುಂದೆ ಕಣ್ಣೂರಿಗೆ ವಿಸ್ತರಣೆಯಾಯಿತು. 2024ರ ಜನವರಿಯಲ್ಲಿ ಅದನ್ನು ಕೋಯಿಕ್ಕೋಡಿಗೆ ಎಳೆಯುವ ಆದೇಶವೂ ಹೊರಟಿತು. ಕರಾವಳಿ ಎದ್ದು ಕೂಗಿದ ಮೇಲೆ ಅದು ಆಗ ನಿಂತಿತು. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕೇರಳದ ಜನರ ಮೇಲೆ ನಮಗೆ ದ್ವೇಷವಿಲ್ಲ. ಆ ರೈಲು ಹೋಗುವುದು ಕಾಸರಗೋಡಿನ ಮೇಲೆ. ಅಲ್ಲಿ ನಮ್ಮ ಕನ್ನಡಿಗರಿದ್ದಾರೆ, ಅವರಿಗೂ ಬೆಂಗಳೂರು ಬೇಕು. ಕಾಸರಗೋಡಿನ ಕನ್ನಡಿಗನ ಟಿಕೆಟ್ ಕಿತ್ತು ಪುತ್ತೂರಿನ ಕನ್ನಡಿಗನಿಗೆ ಕೊಡಿ ಎಂದು ಕೇಳುವವರು ಹೋರಾಟದ ಅರ್ಥ ತಿಳಿಯದವರು. ನಮ್ಮ ತಕರಾರು ಬೇರೆ: ಇರುವ ಒಂದೇ ರೊಟ್ಟಿಯನ್ನು ಹಂಚಿ ಹಂಚಿ ತೆಳ್ಳಗೆ ಮಾಡಬೇಡಿ, ಇನ್ನೊಂದು ರೊಟ್ಟಿ ತಟ್ಟಿ. ದೂರದವರಿಗೆ ಟಿಕೆಟ್ ಬೇಗ ಸಿಕ್ಕಿ, ನಡುವೆ ಇಳಿಯುವ ಸುಬ್ರಹ್ಮಣ್ಯ, ಪುತ್ತೂರಿನವರು ವೇಟಿಂಗ್ ಲಿಸ್ಟಿನಲ್ಲಿ ಒಣಗುವ ಪರಿಸ್ಥಿತಿ ತಪ್ಪಲಿ.

2020ರ ಮಾರ್ಚಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಬಂತು. ಉಡುಪಿ, ಕುಂದಾಪುರ, ಕಾರವಾರದವರಿಗೆ ಅದು ವರವಾಯಿತು, ಸಂತೋಷ. 2021ರ ಜುಲೈಯಲ್ಲಿ ಯಶವಂತಪುರದ ಹಗಲು ರೈಲಿಗೆ ವಿಸ್ಟಾಡೋಮ್ ಎಂಬ ಗಾಜಿನ ಬೋಗಿ ಹಾಕಿದರು. ಘಾಟಿಯ ಜಲಪಾತ ನೋಡಲು ಬರುವವರು ದೊಡ್ಡ ದುಡ್ಡು ಕೊಟ್ಟು ತಿರುಗುವ ಕುರ್ಚಿಯಲ್ಲಿ ಕೂರುತ್ತಾರೆ. ಕೂರಲಿ, ನಮ್ಮ ಘಾಟಿ ಚೆಂದವೇ. ಆದರೆ ಘಾಟಿಯನ್ನು ನೋಡಲು ಬರುವವನಿಗೆ ಗಾಜಿನ ಮಾಡು, ಘಾಟಿಯ ಕೆಳಗೆ ಮನೆ ಇರುವವನಿಗೆ ಜನರಲ್ ಬೋಗಿಯ ಬಾಗಿಲ ಮೆಟ್ಟಿಲು, ಇದು ಯಾವ ನ್ಯಾಯ? 2024ರ ಮಾರ್ಚಿನಲ್ಲಿ ಮಂಗಳೂರಿನಿಂದ ತಿರುವನಂತಪುರಕ್ಕೆ ವಂದೇ ಭಾರತ್ ಓಡಿತು. ಅದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ ಮಡಗಾಂವಿಗೂ ಓಡಿತು. ಬೆಂಗಳೂರಿಗೆ ಯಾಕಿಲ್ಲ ಎಂದು ಆಗ ಕೇಳಿದರೆ, ಘಾಟಿಯಲ್ಲಿ ವಿದ್ಯುತ್ ತಂತಿ ಇಲ್ಲ ಎಂಬ ಉತ್ತರ. ಆ ತಂತಿ ಎಳೆಯಲು 2025ರ ಮಳೆಗಾಲದುದ್ದಕ್ಕೂ ಹಗಲು ರೈಲುಗಳನ್ನು ನಿಲ್ಲಿಸಿದರು. ನಾವು ಸಹಿಸಿಕೊಂಡೆವು. ಇನ್ನು ಆ ನೆಪವನ್ನು ಯಾರೂ ನಮ್ಮ ಮುಂದೆ ಇಡಬಾರದು.

ಆಡಳಿತದ ಗೋಜಲು ಇನ್ನೊಂದು. ಮಂಗಳೂರಿನ ಒಂದೇ ನಗರದಲ್ಲಿ ಮೂರು ದೊರೆತನ. ಮಂಗಳೂರು ಸೆಂಟ್ರಲ್, ಜಂಕ್ಷನ್ ಎರಡೂ ಚೆನ್ನೈನ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಪಡೀಲಿನಿಂದ ಈಚೆ ಪುತ್ತೂರು, ಸುಬ್ರಹ್ಮಣ್ಯದ ಹಳಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ. ತೋಕೂರಿನಿಂದ ಆಚೆ ಕೊಂಕಣ ರೈಲ್ವೆಗೆ. ನೈಋತ್ಯ ವಲಯ ಹುಟ್ಟಿದ್ದು 2003ರಲ್ಲಿ. ಕನ್ನಡಿಗರಿಗೆ ವಲಯ ಸಿಕ್ಕಿತು, ಕನ್ನಡದ ಬಂದರು ನಗರ ಮಾತ್ರ ಅದರ ಹೊರಗೆ ಉಳಿಯಿತು. ಹೊಸ ರೈಲು ಕೇಳಿದರೆ ಹುಬ್ಬಳ್ಳಿಯವರು "ಮಂಗಳೂರಿನಲ್ಲಿ ನಿಲ್ಲಿಸಲು ಪ್ಲಾಟ್‌ಫಾರಂ ಅವರು ಕೊಡಬೇಕು" ಎನ್ನಬಹುದು, ಪಾಲಕ್ಕಾಡಿನವರು "ರೈಲು ಅವರದು" ಎನ್ನಬಹುದು. ನಮ್ಮ ಸಂಸದರು ದಿಲ್ಲಿಯಲ್ಲಿ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ. ಪಕ್ಷ ಯಾವುದಾದರೂ ಫೋಟೊ ಒಂದೇ.

ಭಾಷೆಯ ವಿಷಯ ಹೇಳದೆ ಮುಗಿಸಲಾರೆ. ಒಂದು ನಿಲ್ದಾಣದಲ್ಲಿ ಅಜ್ಜಿಯೊಬ್ಬರು ಕೌಂಟರಿನ ಮುಂದೆ ನಿಂತು "ಎಸ್ ಫೋರ್ ಬೋಗಿ ಎಲ್ಲಿ ಬರ್ತದೆ ಮಗಾ?" ಎಂದು ಮೂರು ಸಲ ಕೇಳಿದ್ದನ್ನು ನಾನು ನೋಡಿದ್ದೇನೆ. ಒಳಗಿದ್ದವನು ಮೂರು ಸಲವೂ ಹಿಂದಿಯಲ್ಲೇ ಗದರಿಸಿದ. ಅವನಿಗೆ ಕನ್ನಡ ಬಾರದಿರುವುದು ಅವನೊಬ್ಬನ ತಪ್ಪಲ್ಲ. ಕನ್ನಡ ಬಾರದವನನ್ನು ಕನ್ನಡಿಗರ ಎದುರು ಕೂರಿಸಿದವರ ತಪ್ಪು. ಕಾಯ್ದಿರಿಸದ ಟಿಕೆಟಿನ ಮೇಲೆ ಕನ್ನಡ ಅಕ್ಷರ ಕಾಣಿಸಿಕೊಂಡದ್ದೇ 2018ರಲ್ಲಿ. ಅದೂ ಎಷ್ಟೋ ವರ್ಷ ಕೂಗಿದ ಮೇಲೆ. ಬೋರ್ಡು ಬಂತು, ಟಿಕೆಟು ಬಂತು, ಇನ್ನು ಬಾಯಿಗೆ ಕನ್ನಡ ಬರಬೇಕು.

ಈಗ ನಿಮ್ಮ ಪಾಲಿನ ಕೆಲಸ. ಟಿಕೆಟ್ ಬುಕ್ಕಿಂಗ್ 2024ರ ನವೆಂಬರಿನಿಂದ 120 ದಿನದ ಬದಲು 60 ದಿನ ಮೊದಲು ತೆರೆಯುತ್ತಿದೆ. ಊರಿಗೆ ಹೋಗುವ ದಿನ ಗೊತ್ತಿದ್ದರೆ ಅರುವತ್ತನೇ ದಿನದ ಬೆಳಗ್ಗೆಯೇ ತೆಗೆಯಿರಿ. ತತ್ಕಾಲ್ ನಂಬಿ ಕೂತರೆ 2025ರ ಜುಲೈಯಿಂದ ಆಧಾರ್ ಜೋಡಣೆ ಇಲ್ಲದೆ ಆನ್‌ಲೈನಿನಲ್ಲಿ ಅದೂ ಸಿಗದು. ವೇಟಿಂಗ್ ಲಿಸ್ಟ್ ಬಂದರೂ ತೆಗೆಯಿರಿ. ವಿಶೇಷ ರೈಲು ಬಿಡುವಾಗ ಅವರು ನೋಡುವುದು ಆ ಪಟ್ಟಿಯ ಉದ್ದವನ್ನೇ. ಎಲ್ಲರೂ ಬಸ್ಸಿಗೆ ಓಡಿದರೆ "ಬೇಡಿಕೆ ಇಲ್ಲ" ಎಂದು ಬರೆದಿಡುತ್ತಾರೆ. 2025ರ ಏಪ್ರಿಲ್‌ನಲ್ಲಿ ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರನ್ನು ಸುಬ್ರಹ್ಮಣ್ಯ ರೋಡ್ ತನಕ ವಿಸ್ತರಿಸಿದರು. ಊರಿಗೆ ಹೋದಾಗ ಅದರಲ್ಲಿ ಒಮ್ಮೆಯಾದರೂ ಕಾಣಿಯೂರಿನಲ್ಲೋ ಕೋಡಿಂಬಾಳದಲ್ಲೋ ಹತ್ತಿ ಇಳಿಯಿರಿ, ಟಿಕೆಟ್ ತೆಗೆದೇ ಹತ್ತಿ. ಆ ಸಣ್ಣ ನಿಲ್ದಾಣಗಳ ಟಿಕೆಟಿನ ಲೆಕ್ಕ ಇಲ್ಲದೆ ರಾತ್ರಿ ರೈಲಿಗೆ ಎರಡು ನಿಮಿಷದ ನಿಲುಗಡೆ ಕೇಳಲು ನಮಗೆ ಆಧಾರವಿರುವುದಿಲ್ಲ.

ಮತ್ತೆ ಪತ್ರ ಬರೆಯಿರಿ. ರಾತ್ರಿ ರೈಲಿಗೆ ಕಾಣಿಯೂರಿನಲ್ಲಿ ನಿಲುಗಡೆ, ಸುಬ್ರಹ್ಮಣ್ಯ ಮತ್ತು ಪುತ್ತೂರಿಗೆ ಹೆಚ್ಚಿನ ಟಿಕೆಟ್ ಪಾಲು, ಹಬ್ಬಕ್ಕೆ ಮಂಗಳೂರಿನಲ್ಲೇ ಕೊನೆಯಾಗುವ ಇನ್ನೊಂದು ರೈಲು. ಹುಬ್ಬಳ್ಳಿಯ ಪ್ರಧಾನ ವ್ಯವಸ್ಥಾಪಕರಿಗೆ ಒಂದು, ಮೈಸೂರಿನ ವಿಭಾಗೀಯ ವ್ಯವಸ್ಥಾಪಕರಿಗೆ ಒಂದು, ನಿಮ್ಮ ಸಂಸದರಿಗೆ ಒಂದು, ಪಾಲಕ್ಕಾಡಿಗೆ ಒಂದು. ಪಾಲಕ್ಕಾಡಿಗೆ ಬರೆಯುವುದನ್ನೂ ಕನ್ನಡದಲ್ಲೇ ಬರೆಯಿರಿ. ಕನ್ನಡದ ನಿಲ್ದಾಣಗಳನ್ನು ಇಟ್ಟುಕೊಂಡವರು ಕನ್ನಡದ ಪತ್ರ ಓದಿಸಿಕೊಳ್ಳಲು ಒಬ್ಬರನ್ನು ನೇಮಿಸಿಕೊಳ್ಳಲಿ.